ಬಣ್ಣ ತಿರುಗದ ನೀರು

ಅವಳನ್ನು ಅಕ್ಕ ಎಂದು ಕರೆಯಬೇಕಾದವಳು ಲೋಕದಲ್ಲಿ ಒಬ್ಬಳೇ, ಅವಳ ತಂಗಿ. ಆದರೆ ತಂಗಿ ದಿನವೂ ಗಾಲಿಕುರ್ಚಿಯಲ್ಲಿ ಕೂತು "ಅಕ್ಕಾ, ಅಕ್ಕಾ" ಎಂದು ಕೂಗುವುದನ್ನು ಕೇಳಿ ಕೇಳಿ, ಅವಳು ಕೊಳದ ನೀರು ನೋಡಿಕೊಳ್ಳುತ್ತಿದ್ದ ಚಿಕಿತ್ಸಾ ಕೇಂದ್ರದವರೆಲ್ಲರ ಬಾಯಿಗೂ ಅದೇ ಹತ್ತಿಕೊಂಡಿತ್ತು. ಸೊಂಟ ಹಿಡಿದ ಹೆಂಗಸರು, ಪಾರ್ಶ್ವವಾಯು ಬಡಿದ ಮುದುಕರು, ಕೊನೆಗೆ ಅವಳಿಗಿಂತ ಎಷ್ಟೋ ದೊಡ್ಡವರಾದ ಮ್ಯಾನೇಜರ್ ಕೂಡ ಬಾಗಿಲಲ್ಲಿ ತಲೆ ಹಾಕಿ, "ಅಕ್ಕಾ, ನೀರು ರೆಡಿನಾ?" ಎನ್ನುತ್ತಿದ್ದರು. ನೀರು ಯಾವತ್ತೂ ರೆಡಿಯಾಗಿಯೇ ಇರುತ್ತಿತ್ತು. ಆ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಅದು ಅವಳಿಗೆ ಸಲ್ಲಬೇಕಾದ ಜಂಬವೇ. ಮುಂದೆ ಆದದ್ದನ್ನು ಕೇಳಿ ಯಾರೂ ಅವಳನ್ನು ಬೇಜವಾಬ್ದಾರಿ ಹೆಂಗಸು ಎಂದುಕೊಳ್ಳಬಾರದು, ಅದಕ್ಕೇ ಮೊದಲೇ ಹೇಳಿಬಿಟ್ಟಿದ್ದು.

ಕೇಂದ್ರದ ಹಿಂಭಾಗದ ಮುಚ್ಚಿದ ಹಾಲ್‌ನಲ್ಲಿ ಸಣ್ಣದೊಂದು ಕೊಳ. ಎದೆಮಟ್ಟದ ಬೆಚ್ಚಗಿನ ಉಪ್ಪುನೀರು. ಅದು ಈಜುವುದಕ್ಕಲ್ಲ, ನಡೆಯುವುದಕ್ಕೆ. ನೆಲದ ಮೇಲೆ ಹೊರಲಾಗದ ಮೈಯನ್ನು ನೀರು ಮುಕ್ಕಾಲುಪಾಲು ತಾನೇ ಹೊತ್ತುಕೊಳ್ಳುತ್ತದೆ, ಹಾಗಾಗಿ ಕಾಲು ಸೋತವರೂ ಅಲ್ಲಿ ನಿಲ್ಲಬಲ್ಲರು. ಉಪ್ಪುನೀರು ಎಂದರೆ ಸಮುದ್ರದಷ್ಟಲ್ಲ, ಕಣ್ಣೀರಿಗಿಂತಲೂ ಕಡಿಮೆ ಉಪ್ಪು. ಪಂಪಿನ ಕೋಣೆಯಲ್ಲಿ ಲೋಹದ ತಗಡುಗಳನ್ನು ಜೋಡಿಸಿದ ಒಂದು ಕೊಳವೆಯಿದೆ, ಅದಕ್ಕೆ ಸೆಲ್ ಎನ್ನುತ್ತಾರೆ. ನೀರು ಅದರೊಳಗೆ ಹಾದುಹೋಗುವಾಗ ಕರೆಂಟು ಆ ಉಪ್ಪಿನಿಂದಲೇ ಕ್ಲೋರಿನ್ ತೆಗೆಯುತ್ತದೆ. ಕ್ಲೋರಿನ್ ಕಡಿಮೆಯಾದರೆ ನೀರು ಕೆಡುತ್ತದೆ, ಹೆಚ್ಚಾದರೆ ಕಣ್ಣು ಗಂಟಲು ಸುಡುತ್ತದೆ. ಬಂದವರು ಮಾತ್ರ, "ಉಪ್ಪುನೀರಂತೆ, ಕ್ಲೋರಿನ್ನೇ ಇಲ್ವಂತೆ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಖುಷಿಪಡುತ್ತಿದ್ದರು. ಅಕ್ಕ ನಕ್ಕು ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು.

ಅವಳ ಬೆಳಗು ಶುರುವಾಗುತ್ತಿದ್ದುದೇ ಶೀಸೆಯಿಂದ. ಬೆರಳುದ್ದದ ಗಾಜಿನ ಶೀಸೆಯನ್ನು ತಲೆಕೆಳಗು ಮಾಡಿ, ಮೊಣಕೈ ಮುಳುಗುವಷ್ಟು ಆಳಕ್ಕೆ ಇಳಿಸಿ ನೀರು ತುಂಬಿಕೊಳ್ಳುವುದು. ಅದಕ್ಕೆ ಮದ್ದಿನ ಹನಿ ಬಿಡುವುದು. ನೀರು ಗುಲಾಬಿಗೆ ತಿರುಗಿದರೆ ಕ್ಲೋರಿನ್ ಇದೆ ಎಂದರ್ಥ, ಎಷ್ಟು ಗಾಢವೋ ಅಷ್ಟು ಹೆಚ್ಚು. ಬಣ್ಣವೇ ತಿರುಗದಿದ್ದರೆ ಕ್ಲೋರಿನ್ ಇಲ್ಲ. ಇದರಲ್ಲಿ ಒಂದು ಮೋಸವಿದೆ, ಅದೂ ಅವಳಿಗೆ ಗೊತ್ತಿತ್ತು. ಕ್ಲೋರಿನ್ ವಿಪರೀತ ಹೆಚ್ಚಾದಾಗ ಅದು ಆ ಮದ್ದಿನ ಬಣ್ಣವನ್ನೇ ತಿಂದುಹಾಕುತ್ತದೆ. ಹನಿ ಬಿದ್ದ ಕೂಡಲೇ ಗುಲಾಬಿ ಒಮ್ಮೆ ಮಿಂಚಿ, ಕಣ್ಣು ಮಿಟುಕಿಸುವಷ್ಟರಲ್ಲಿ ನೀರು ಮತ್ತೆ ತಿಳಿಯಾಗಿಬಿಡುತ್ತದೆ. ನೋಡಿದವರಿಗೆ ಏನೂ ಇಲ್ಲದ ಹಾಗೆ ಕಾಣುತ್ತದೆ. "ಹನಿ ಬಿಡೋವಾಗ ಮನೆಗೆ ಬೆಂಕಿ ಬಿದ್ರೂ ಶೀಸೆಯಿಂದ ಕಣ್ಣು ತೆಗೀಬಾರ್ದು" ಎಂದು ರಜೆಯ ಮೇಲೆ ಹೋಗುವಾಗ ಬದಲಿ ಕೆಲಸದವಳಿಗೆ ಪಾಠ ಹೇಳಿದವಳು ಅವಳೇ. ಮೂಗಿನ ಸಹಾಯ ಮಾತ್ರ ಅವಳಿಗೆ ಇರಲಿಲ್ಲ. ಅಷ್ಟು ವರ್ಷ ಅದೇ ಗಾಳಿ ಕುಡಿದು ಮೂಗು ಸತ್ತೇಹೋಗಿತ್ತು. ಒಲೆಯ ಮೇಲೆ ಹಾಲು ಸೀದರೂ ತಂಗಿಯೇ ಕೂಗಿ ಹೇಳಬೇಕು.

ತಂಗಿ ಕೂಗುವುದರಲ್ಲಿ ಎಂದೂ ಹಿಂದೆ ಬಿದ್ದವಳಲ್ಲ. ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಗಿರಾಕಿಗಳಿಗೇ, "ಈ ಕಾಲಿಗೆ ಆ ಚಪ್ಪಲಿ ಹಾಕ್ಬೇಡಿ, ಚೆನ್ನಾಗಿ ಕಾಣಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದಳು. ಮಾಲೀಕ ಎಷ್ಟು ಸಲ ಬೈದರೂ ಕೆಲಸದಿಂದ ತೆಗೆಯಲಿಲ್ಲ, ಏಕೆಂದರೆ ಅವಳು ಹೇಳಿದ ಚಪ್ಪಲಿ ಕಚ್ಚುತ್ತಿರಲಿಲ್ಲ. ಒಂದು ದಿನ ರಸ್ತೆ ದಾಟುವಾಗ ವ್ಯಾನೊಂದು ಬಂದು ಬಡಿಯಿತು. ಬೆನ್ನು ಮುರಿಯಿತು, ಗಂಟಲಿಗೆ ನಳಿಗೆ ಹಾಕಿ ವಾರಗಟ್ಟಲೆ ಮಲಗಿಸಿದರು. ಬದುಕಿದಳು. ಎದೆ ಮಾತ್ರ ಮೊದಲಿನಂತಾಗಲಿಲ್ಲ, ನೆಗಡಿ ಬಂದರೂ ಜೀವ ಬಾಯಿಗೆ ಬರುತ್ತಿತ್ತು. ಕಾಲುಗಳಲ್ಲಿ ಅಷ್ಟಿಷ್ಟು ಜೀವ ಉಳಿದಿತ್ತು. ಅಪ್ಪ ಅಮ್ಮ ಹೋಗಿ ಕಾಲವಾಗಿತ್ತು, ಮದುವೆ ಗಿದುವೆ ಇಬ್ಬರಿಗೂ ಕೂಡಿಬರಲಿಲ್ಲ. ಅಕ್ಕನಿಗೆ ತಂಗಿ, ತಂಗಿಗೆ ಅಕ್ಕ. ಎರಡು ಕೋಣೆಯ ಮನೆಯಲ್ಲಿ ದಿಂಬು ಗಟ್ಟಿ, ಸಾರು ನೀರು, ಅಕ್ಕ ಬಾಚಿದರೆ ಕೂದಲು ಕಿತ್ತುಬರುತ್ತದೆ, ಎದುರು ಮನೆಯವನ ರೇಡಿಯೊ ಜೋರು ಎಂದು ಬೆಳಗಿನಿಂದ ರಾತ್ರಿಯವರೆಗೆ ತಂಗಿಯ ದೂರು ನಡೆದೇ ಇರುತ್ತಿತ್ತು. "ನಿನ್ನ ಬಾಯಿಗೂ ಒಂದು ಪ್ಲಾಸ್ಟರ್ ಹಾಕಿಸ್ಬೇಕಿತ್ತು ಕಣೇ" ಎಂದು ಅಕ್ಕ ಗದರುತ್ತಿದ್ದಳು. ಗದರುತ್ತಲೇ ದಿಂಬು ಬದಲಿಸುತ್ತಿದ್ದಳು.

ಕೇಂದ್ರದಲ್ಲಿ ಎಲ್ಲರೂ ಬರುವ ಮೊದಲು ತಂಗಿಯನ್ನು ನೀರಿಗಿಳಿಸಲು ಅವಳಿಗೆ ಅನುಮತಿ ಸಿಕ್ಕಿತ್ತು. ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ ಆ ಹೊತ್ತಿಗೆ ತಂಗಿಗಾಗಿಯೇ ಬರುತ್ತಿದ್ದಳು. ಎತ್ತರದ, ಮಾತು ಕಡಿಮೆಯ ಹುಡುಗಿ, ಮನಸ್ಸು ಒಳ್ಳೆಯದು. ಆದರೆ ಕಾಯುತ್ತಿದ್ದ ರೋಗಿಗಳ ಸಾಲು ಉದ್ದವಿತ್ತು, ಸುಧಾರಣೆ ಕಾಣದವರ ಜಾಗವನ್ನು ಮುಂದಿನವರಿಗೆ ಬಿಟ್ಟುಕೊಡುವುದು ಕೇಂದ್ರದ ಕ್ರಮ. ಕೊಳದ ಬದಿಯ ಕಂಬಿ ಹಿಡಿದು ನಿಲ್ಲುವುದು ತಂಗಿಗೆ ಬಂದಿತ್ತು, ಬಿಟ್ಟು ನಡೆಯುವುದು ಬಂದಿರಲಿಲ್ಲ. "ಇಲ್ಲಿ ಗೋಡೆ ಪೇಂಟಿಂಗ್ ಮುಗಿದು ಕೊಳ ತೆರೆಯೋ ದಿನ ಒಂದ್ಸಲ ನೋಡ್ತೀನಿ. ಈ ಕಂಬಿಯಿಂದ ಆ ಕಂಬಿಗೆ ಕೈ ಬಿಟ್ಟು ಹೋದ್ರೆ ಸಾಕು. ಇಲ್ಲಾಂದ್ರೆ ನನ್ನ ಕೈಲೂ ಏನೂ ಇಲ್ಲ" ಎಂದು ಮೇಡಂ ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದ್ದಳು. ನೀರು ಬಿಟ್ಟರೆ ತಂಗಿ ಎದ್ದು ನಿಲ್ಲುವ ಜಾಗ ಬೇರೆಲ್ಲೂ ಇರಲಿಲ್ಲ. ಆ ಜಾಗ ಹೋದರೆ ಮುಂದೆ ಮಂಚವೇ ಗತಿ ಎಂದು ಅಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಪೇಂಟಿಂಗಿಗಾಗಿ ಕೇಂದ್ರವನ್ನು ಕೆಲವು ದಿನ ಮುಚ್ಚಿದರು. ಮುಚ್ಚುವ ದಿನ ಅಕ್ಕ ಸೆಲ್ ಬಿಚ್ಚಿ ನೋಡಿದಳು. ತಗಡುಗಳ ಮೇಲೆ ನೀರು ಕಾಯಿಸುವ ಹಳೇ ಪಾತ್ರೆಯೊಳಗೆ ಕಟ್ಟುವ ಹಾಗೆ ಬಿಳಿ ಸುಣ್ಣ ಕಟ್ಟಿತ್ತು. ಸುಣ್ಣ ಕಟ್ಟಿದ ಸೆಲ್ ಕ್ಲೋರಿನ್ ಕಡಿಮೆ ಕೊಡುತ್ತದೆ, ಅದಕ್ಕೇ ಅವಳು ತಿಂಗಳಿಂದ ಸೆಲ್ಲಿಗೆ ಕರೆಂಟು ಕೊಡುವ ಯಂತ್ರದ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಿರುಗಿಸುತ್ತ ಬಂದಿದ್ದಳು. ನೀರು ಬೆರೆಸಿದ ಆಸಿಡ್ಡಿನಲ್ಲಿ ಸೆಲ್ ಅದ್ದಿಟ್ಟಳು. ನೊರೆ ಬುಸುಬುಸು ಎದ್ದು, ಇಳಿದು, ತಗಡುಗಳು ಹೊಸದರಂತೆ ಹೊಳೆದವು. ತೊಳೆದು ಮತ್ತೆ ಕೂರಿಸಿದಳು. ತೊಳೆದ ಸೆಲ್ ಹೆಚ್ಚು ಕ್ಲೋರಿನ್ ಕೊಡುತ್ತದೆ, ಇನ್ನು ಗುಂಡಿಯನ್ನು ಕೆಳಗಿಳಿಸಬೇಕು. ಅಷ್ಟರಲ್ಲಿ ಫೋನು ಬಂತು. "ಅಕ್ಕಾ, ಎಷ್ಟೊತ್ತಿಗೆ ಬರ್ತೀಯ? ನಂಗೆ ತಡ್ಕೊಳೋಕಾಗ್ತಿಲ್ಲ." ತಂಗಿಯನ್ನು ಕಕ್ಕಸಿಗೆ ಎತ್ತಿ ಕೂರಿಸಲು ಬರಬೇಕಾದ ಪಕ್ಕದ ಮನೆಯವಳು ಬಂದಿರಲಿಲ್ಲ. ಅಕ್ಕ ಕೊಳಕ್ಕೆ ಹೊದಿಕೆ ಎಳೆದು, ಪಂಪ್ ಚಾಲೂ ಮಾಡಿ, ಬಾಗಿಲು ಹಾಕಿಕೊಂಡು ಓಡಿದಳು. ಗುಂಡಿ ಮೇಲೆಯೇ ಉಳಿಯಿತು. ಕ್ಲೋರಿನ್ ಕಳೆಯಲು ಬಿಸಿಲೂ ಇಲ್ಲ, ನೀರಿಗಿಳಿಯುವವರೂ ಇಲ್ಲ, ಹೊದಿಕೆಯ ಕೆಳಗಿನ ನೀರಿನಲ್ಲಿ ತೊಳೆದ ಸೆಲ್ ಹಗಲೂ ರಾತ್ರಿ ತನ್ನ ಕೆಲಸ ಮಾಡುತ್ತಲೇ ಇತ್ತು.

ತೆರೆಯುವ ದಿನ ಬೆಳಿಗ್ಗೆ ಮನೆಯಲ್ಲೇ ಜಗಳ ಶುರುವಾಗಿತ್ತು. ತಂಗಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಕಾಲು ಜುಮುಗುಟ್ಟುತ್ತಿದೆ, ಹೊಟ್ಟೆ ತೊಳಸುತ್ತಿದೆ, ಇವತ್ತು ಬೇಡ, ನಾಳೆ ನೋಡೋಣ ಎಂದು ಒಂದೇ ರಾಗ. ಅಕ್ಕ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ಕೂಲಿನ ಪರೀಕ್ಷೆಯ ದಿನವೂ ಇವಳಿಗೆ ತಪ್ಪದೆ ಹೊಟ್ಟೆನೋವು ಬರುತ್ತಿದ್ದುದನ್ನು ಅವಳು ಮರೆತಿರಲಿಲ್ಲ.

ಹಾಲ್‌ನಲ್ಲಿ ಹೊಸ ಬಣ್ಣದ ಗೋಡೆಗಳು ಹಾಲಿನಂತೆ ಬೆಳಗುತ್ತಿದ್ದವು. ಅಕ್ಕ ಹೊದಿಕೆ ಸುತ್ತಿಟ್ಟು, ಶೀಸೆ ಮುಳುಗಿಸಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ಹನಿ ಬಿಟ್ಟಳು.

"ಅಕ್ಕಾ, ಮೂಗು ಉರೀತಿದೆ."

ಅಕ್ಕ ಸರಕ್ಕನೆ ತಿರುಗಿದಳು. ಸಿಟ್ಟಿನಿಂದಲೇ ತಿರುಗಿದಳು. ಗುಲಾಬಿ ಮಿಂಚಿ ಮಾಯವಾದದ್ದು ಆಗಲೇ ಇರಬೇಕು. ಅವಳು ಮತ್ತೆ ಶೀಸೆಯತ್ತ ನೋಡಿದಾಗ ಒಳಗಿದ್ದದ್ದು ಬರೀ ನೀರು.

"ನೋಡು" ಎಂದು ಶೀಸೆಯನ್ನು ತಂಗಿಯ ಮುಖದ ಮುಂದೆ ಹಿಡಿದಳು. "ಬಣ್ಣ ತಿರುಗಿದೆಯಾ? ಎಳ್ಳಷ್ಟೂ ಕ್ಲೋರಿನ್ ಇಲ್ಲ ಇದ್ರಲ್ಲಿ. ಇಲ್ಲದಿರೋದು ಹೇಗೆ ಉರಿಯುತ್ತೆ?"

"ನಂಗೇನು ಗೊತ್ತು? ಉರೀತಿದೆ ಅಂದ್ರೆ ಉರೀತಿದೆ. ಕಣ್ಣೂ ಚುಚ್ಚುತ್ತೆ."

"ಪೇಂಟಿನ ವಾಸನೆ ಅದು. ಇಷ್ಟು ದಿನ ಪೇಂಟರುಗಳು ಇಲ್ಲೇ ನಿಂತು ಬಳಿದಿದಾರೆ, ನಿನ್ನ ಮೂಗೇನು ಚಿನ್ನದ್ದಾ?"

ಕ್ಲೋರಿನ್ ಇಲ್ಲದ ನೀರಿಗೆ ಯಾರನ್ನೂ ಇಳಿಸುವ ಹಾಗಿಲ್ಲ. ದಿನಗಟ್ಟಲೆ ಮುಚ್ಚಿಟ್ಟದ್ದರಿಂದ ಸೆಲ್ ಏನೋ ಹಟ ಹಿಡಿದಿರಬೇಕು, ಆಮೇಲೆ ನೋಡಿದರಾಯಿತು ಎಂದುಕೊಂಡಳು. ಆಪತ್ತಿಗೆಂದು ಇಟ್ಟಿದ್ದ ಕ್ಯಾನಿನಿಂದ ದ್ರವ ಕ್ಲೋರಿನ್ ಅಳೆದು ಕೊಳದ ಸುತ್ತ ಸುರಿದಳು, ನೀರು ತಿರುಗಿ ಬೆರೆಯುವವರೆಗೂ ಕಾದಳು. ಸುಡುವ ನೀರಿಗೆ ಇನ್ನಷ್ಟು ಉರಿ ಸುರಿದಂತಾಯಿತು, ಪಾಪ, ಅವಳಿಗೆ ಗೊತ್ತಿಲ್ಲ. ಎರಡನೆಯ ಸಲ ಹನಿಯನ್ನು ಸ್ವಲ್ಪ ಹೆಚ್ಚೇ ಬಿಟ್ಟಳು, ಅಷ್ಟರಲ್ಲಿ ಬಾಗಿಲು ತೆರೆದು ಫಿಸಿಯೋ ಮೇಡಂ ಒಳಗೆ ಬಂದು ನಮಸ್ಕಾರ ಎಂದಳು. ನಮಸ್ಕಾರ ಹೇಳಿ ನೋಡಿದರೆ ಶೀಸೆಯಲ್ಲಿ ತೆಳು ಗುಲಾಬಿ. ತಿಂದು ಉಳಿದ ಬಣ್ಣ ಅದು. ಬಣ್ಣದ ಪಟ್ಟಿಯ ಪಕ್ಕದಲ್ಲಿಟ್ಟರೆ ಎಷ್ಟಿರಬೇಕೋ ಅಷ್ಟೇ ಎನ್ನುವಂತೆ ಕಂಡಿತು. ಅಕ್ಕನ ಜೀವ ಹಗುರವಾಯಿತು.

"ಅಕ್ಕಾ, ನಿಜವಾಗ್ಲೂ ಹೇಳ್ತಿದೀನಿ. ಇವತ್ತು ನೀರಲ್ಲಿ ಏನೋ ಇದೆ."

"ನೀರಲ್ಲೇನೂ ಇಲ್ಲ. ಇರೋದು ನಿನ್ನ ತಲೆಯಲ್ಲಿ." ಅಕ್ಕ ಬಗ್ಗಿ, ಮೇಡಂಗೆ ಕೇಳಿಸದ ಹಾಗೆ ಹಲ್ಲು ಕಚ್ಚಿ ಹೇಳಿದಳು, "ಇವತ್ತು ನೆವ ಹೇಳಿದ್ರೆ ಮುಗೀತು, ತಿಳ್ಕೋ. ನಿನ್ನನ್ನ ಹೊತ್ತು ಹೊತ್ತು ನನ್ನ ಸೊಂಟಾನೂ ಹೋಗ್ತಿದೆ."

ಆ ಕೊನೆಯ ಮಾತು ಬೇಕಿರಲಿಲ್ಲ. ತಂಗಿ ಬಾಯಿ ಮುಚ್ಚಿದಳು.

ರೋಗಿಗಳನ್ನು ಎತ್ತಿ ಇಳಿಸುವ ಯಂತ್ರದ ತೂಗುಕುರ್ಚಿ ಅವಳನ್ನು ಮೆಲ್ಲಗೆ ನೀರಿಗಿಳಿಸಿತು. ಕಂಬಿ ಹಿಡಿದು ನಿಂತಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡಳು ಅಕ್ಕ. ಮೇಡಂ ಕೊಳದ ಆ ಬದಿಯಲ್ಲಿ ಕೂತು, "ಬನ್ನಿ, ಅವಸರ ಇಲ್ಲ" ಎಂದಳು. ತಂಗಿ ಕೈ ಬಿಟ್ಟಳು. ಒಂದು ಹೆಜ್ಜೆ ಹಾಕಿದಳು, ಇನ್ನೊಂದು ಹಾಕಿದಳು. ಎರಡು ಕೈಗಳನ್ನೂ ನೀರಿನ ಮೇಲೆ ಹರಡಿಕೊಂಡು, ತುಟಿ ಬಿಗಿದುಕೊಂಡು, ಯಾವ ಆಸರೆಯೂ ಇಲ್ಲದೆ ನಡೆದಳು. ನಡುಕೊಳದಲ್ಲಿ ಕೆಮ್ಮು ಬಂತು. ಒಂದು ಕೆಮ್ಮಿನ ಹಿಂದೆ ಇನ್ನೊಂದು, ಉಸಿರೆಳೆದುಕೊಳ್ಳಲೂ ಬಿಡದ ಕೆಮ್ಮು. ಮೊಣಕಾಲು ಮಡಚಿತು, ತಲೆ ನೀರೊಳಗೆ ಹೋಯಿತು.

ಅಕ್ಕ ಉಟ್ಟ ಬಟ್ಟೆಯಲ್ಲೇ ಹಾರಿದಳು. ಮೇಡಂ ಕೂಡ ಇಳಿದಳು. ಇಬ್ಬರೂ ಸೇರಿ ಎತ್ತಿ ದಡಕ್ಕೆ ಹಾಕಿದಾಗ ತಂಗಿಯ ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಅಕ್ಕನ ಕಣ್ಣುಗಳೂ ಧಗಧಗ ಉರಿಯುತ್ತಿದ್ದವು. ಆಗಲೇ ಅವಳಿಗೆ ಅರ್ಥವಾಗಬೇಕಿತ್ತು. ಆ ಗಾಬರಿಯಲ್ಲಿ ಆಗಲಿಲ್ಲ.

ಆಂಬುಲೆನ್ಸಿನಲ್ಲಿ ತಂಗಿಯ ಜೊತೆ ಮೇಡಂ ಹತ್ತಿದಳು. ಚೀಟಿ, ಬಟ್ಟೆ, ಗಾಲಿಕುರ್ಚಿ ತೆಗೆದುಕೊಂಡು ಹಿಂದೆಯೇ ಬಾ ಎಂದು ಆಂಬುಲೆನ್ಸಿನವರು ಅಕ್ಕನಿಗೆ ಹೇಳಿದರು. ಹಾಲ್‌ಗೆ ವಾಪಸ್ಸು ಬಂದಳು. ಮ್ಯಾನೇಜರ್ ಅವಳ ಹೆಗಲ ಮೇಲೆ ಟವೆಲ್ ಹೊದಿಸಿ, "ಎದೆ ಮೊದಲೇ ವೀಕು, ಪಾಪ. ನೀವಿದ್ದದ್ದಕ್ಕೆ ಉಳಿದ್ಳು" ಎಂದರು. ಟವೆಲ್ ಹೊದ್ದುಕೊಂಡೇ ಅವಳು ಶೀಸೆ ಕೈಗೆತ್ತಿಕೊಂಡಳು. ಶೀಸೆಯಿಂದ ಕಣ್ಣು ತೆಗೆಯದೆ ಹನಿ ಬಿಟ್ಟಳು. ಗುಲಾಬಿ ಮಿಂಚಿತು. ಮಾಯವಾಯಿತು. ಕೊಳದ ನೀರಿನ ಒಂದು ಚಮಚಕ್ಕೆ ಕುಡಿಯುವ ನೀರು ಬೇಕಾದಷ್ಟು ಬೆರೆಸಿ, ತೆಳುವಾಗಿಸಿ, ಮತ್ತೆ ಹನಿ ಬಿಟ್ಟಳು. ಈಗ ಬಣ್ಣ ನಿಂತಿತು. ಅಷ್ಟು ತೆಳುವಾಗಿಸಿದ ಮೇಲೂ ಅದು ಕಡುಗೆಂಪಾಗಿತ್ತು.

"ಸಾರ್, ನೀರು ಸುಡ್ತಿತ್ತು" ಎಂದಳು. "ಅವಳು ಹೇಳಿದ್ಳು. ನಾನೇ ಕೇಳ್ಲಿಲ್ಲ."

ಮ್ಯಾನೇಜರ್ ಅವತ್ತೇ ಕೊಳ ಮುಚ್ಚಿಸಿದರು, ಅರ್ಧಕ್ಕಿಂತ ಹೆಚ್ಚು ನೀರು ಹೊರಗೆ ಬಿಡಿಸಿದರು. ಮುಖ ಗಂಟು ಹಾಕಿಕೊಂಡು ಎರಡು ಮಾತು ಆಡಿದರು. ಕೆಲಸದಿಂದ ತೆಗೆಯಲಿಲ್ಲ. ತೆಗೆಯಲಿ ಎಂದು ಅವಳು ಆಸೆಪಟ್ಟಿದ್ದಳು. ಆಸ್ಪತ್ರೆಯ ವರಾಂಡದಲ್ಲಿ ಫಿಸಿಯೋ ಮೇಡಂಗೂ ಹೇಳಿದಳು. ಮೇಡಂ, "ಅವ್ರು ನಡೆದದ್ದನ್ನ ನಾನು ಕಣ್ಣಾರೆ ನೋಡಿದೀನಿ. ಹುಷಾರಾಗ್ಲಿ. ಜಾಗ ಎಲ್ಲೂ ಹೋಗಲ್ಲ" ಎಂದಳು. ಎಲ್ಲರೂ ಒಳ್ಳೆಯವರೇ. ಬೈಸಿಕೊಳ್ಳಬೇಕೆಂದು ಹೋದ ಕಡೆಯಲ್ಲೆಲ್ಲ ಅವಳಿಗೆ ಸಮಾಧಾನವೇ ಸಿಕ್ಕಿತು. ಅದನ್ನು ನುಂಗುವುದು ಬೈಗುಳಕ್ಕಿಂತ ಕಷ್ಟ.

ಉಳಿದದ್ದು ತಂಗಿ. ಮೂಗಿಗೆ ಆಕ್ಸಿಜನ್ ನಳಿಗೆ, ಕಣ್ಣಿಗೆ ಹತ್ತಿ. ಹತ್ತಿ ತೆಗೆದ ದಿನ ಅಕ್ಕ ಎಲ್ಲವನ್ನೂ ಹೇಳಿದಳು. ಗುಂಡಿ ಇಳಿಸಲು ಮರೆತದ್ದು, ಹನಿ ಬಿಡುವಾಗ ತಿರುಗಿದ್ದು, ಕ್ಯಾನಿನಿಂದ ಸುರಿದದ್ದು. ಫೋನು ಬಂದದ್ದನ್ನು ಮಾತ್ರ ಹೇಳಲಿಲ್ಲ. ಹಿಂದಿನ ರಾತ್ರಿ ಒಂದು ಗಳಿಗೆ, ನೀನು ಆಗ ಫೋನ್ ಮಾಡದಿದ್ದರೆ ಎಂಬ ಯೋಚನೆ ಅವಳ ಮನಸ್ಸಿಗೆ ಬಂದಿತ್ತು, ಬಂದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು.

"ಹೂಂ" ಎಂದಳು ತಂಗಿ. ದನಿ ಒಡೆದ ಕೊಳಲಿನ ಹಾಗಾಗಿತ್ತು.

"ಬೈಯೇ ನನ್ನ. ಬಾಯಿಗೆ ಬಂದ ಹಾಗೆ ಬೈ."

"ಯಾಕೆ ಬೈಲಿ? ಬೇಕು ಅಂತ ಮಾಡಿದ್ಯಾ?" ಮೂಗಿನ ನಳಿಗೆ ಸರಿಮಾಡಿಕೊಂಡಳು. "ನಾನು ಸುಳ್ಳು ಹೇಳ್ತಿದೀನಿ ಅಂತ ನಿಂಗೆ ನಿಜವಾಗ್ಲೂ ಅನ್ನಿಸ್ತಾ ಅಕ್ಕಾ?"

ಇಲ್ಲ ಎಂದರೆ ಅದು ಸುಳ್ಳಾಗುತ್ತಿತ್ತು. ತಂಗಿ ಉತ್ತರಕ್ಕೆ ಕಾಯದೆ ಕಣ್ಣು ಮುಚ್ಚಿಕೊಂಡಳು.

ಮನೆಗೆ ಬಂದ ಮೇಲೆ ಮನೆ ನಿಶ್ಶಬ್ದವಾಯಿತು. ತಂಗಿ ಮುನಿಸಿಕೊಂಡಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಟೀವಿ ನೋಡಿ ನಗುತ್ತಲೂ ಇದ್ದಳು. ದೂರುವುದನ್ನು ಮಾತ್ರ ಬಿಟ್ಟಿದ್ದಳು. ಸಾರು ಹೇಗಿದೆ ಎಂದರೆ ಚೆನ್ನಾಗಿದೆ. ಅಕ್ಕ ಒಂದು ದಿನ ಬೇಕೆಂದೇ ಉಪ್ಪು ಹಾಕದೆ ಬಡಿಸಿದಳು, ತಂಗಿ ತಟ್ಟೆ ಖಾಲಿ ಮಾಡಿದಳು. ಮಗ್ಗುಲು ಬದಲಿಸಬೇಕೇ ಎಂದರೆ ನಿಂಗೆ ಹೇಗೆ ಅನುಕೂಲವೋ ಹಾಗೆ ಎನ್ನುತ್ತಿದ್ದಳು. ಎದುರು ಮನೆಯ ರೇಡಿಯೊ ಕಿವಿ ಕಿತ್ತುಹೋಗುವಂತೆ ಕೂಗುತ್ತಿತ್ತು. ಒಂದು ಸಂಜೆ ಅಕ್ಕನೇ ಕಿಟಕಿಗೆ ಹೋಗಿ ಆ ಮನುಷ್ಯನ ಮೇಲೆ ಜೀವಮಾನದಲ್ಲೇ ಮೊದಲ ಸಲ ಕೂಗಾಡಿ ಬಂದಳು. "ಅಯ್ಯೋ, ಹೋಗ್ಲಿ ಬಿಡು" ಎಂದಳು ತಂಗಿ.

ತಿಂಗಳುಗಳು ಕಳೆದು ಡಾಕ್ಟರು ಒಪ್ಪಿದ ಮೇಲೆ ಮತ್ತೆ ಕೊಳಕ್ಕೆ ಬಂದರು. ಇಳಿಯುತ್ತೀಯಾ ಎಂದು ಅಕ್ಕ ಹೆದರಿ ಹೆದರಿ ಕೇಳಿದ್ದಕ್ಕೆ, "ನೀನು ಹೇಳಿದ್ರೆ ಇಳೀತೀನಿ" ಎಂದಿದ್ದಳು. ಆ ಬೆಳಿಗ್ಗೆ ಅಕ್ಕ ಶೀಸೆಯನ್ನು ಕೊಳದ ನಾಲ್ಕೂ ಮೂಲೆಯಲ್ಲಿ ಅದ್ದಿದಳು. ಹಾಗೇ ನೋಡಿದಳು, ತೆಳುವಾಗಿಸಿ ನೋಡಿದಳು. ನೀರಿನ ಉಪ್ಪು ನೋಡಿದಳು, ಹುಳಿಯಂಶ ನೋಡಿದಳು. ಗುಂಡಿಯನ್ನು ಮೂರು ಸಲ ಹೋಗಿ ಮುಟ್ಟಿ ಬಂದಳು. ಗುಲಾಬಿ ಎಷ್ಟಿರಬೇಕೋ ಅಷ್ಟೇ ಇತ್ತು, ಮಿಂಚಿ ಮಾಯವಾಗಲಿಲ್ಲ, ಗಟ್ಟಿಯಾಗಿ ನಿಂತಿತು.

"ಮೂಗು ಉರೀತಿದೆಯಾ?"

"ಇಲ್ಲ."

"ಕಣ್ಣು? ಗಂಟಲು?"

"ಏನೂ ಇಲ್ಲ ಅಕ್ಕಾ."

ತೂಗುಕುರ್ಚಿ ಇಳಿಯಿತು. ತಂಗಿ ಕಂಬಿ ಹಿಡಿದಳು, ಬಿಟ್ಟಳು. ಮೇಡಂ ಆಚೆ ಬದಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಳು. ತಂಗಿ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು, ಎಲ್ಲೂ ನಿಲ್ಲದೆ, ಎಲ್ಲೂ ವಾಲದೆ ಆ ಕಂಬಿಯವರೆಗೆ ನಡೆದು ಹೋದಳು. ಮೇಡಂ ಚಪ್ಪಾಳೆ ತಟ್ಟಿದಳು, ಆ ಸದ್ದು ಹಾಲ್ ತುಂಬ ತಿರುಗಿತು. "ನೆಲದ ಮೇಲೂ ನಡೀತೀರಿ ನೀವು, ನೋಡ್ತಾ ಇರಿ!" ಎಂದು ಕೂಗಿದಳು. ಅಕ್ಕ ಅಳುತ್ತ, ಚಪ್ಪಲಿ ಬಿಟ್ಟು, ತಂಗಿಯನ್ನು ತಬ್ಬಿಕೊಳ್ಳಬೇಕೆಂದು ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟಳು.

ನೀರು ಕೊರೆಯುತ್ತಿತ್ತು. ಬೆಚ್ಚಗಿಡುವ ಹೀಟರು ಯಾವಾಗಲೋ ನಿಂತುಹೋಗಿತ್ತು. ಕ್ಲೋರಿನ್ನಿನ ಭಯದಲ್ಲಿ ಅವಳಿಗೆ ಬೇರಾವುದೂ ನೆನಪಾಗಿರಲಿಲ್ಲ. ಅದೇ ಭಯಕ್ಕೆ ಮೊಣಕೈ ದಾಟುವ ದಪ್ಪ ರಬ್ಬರ್ ಕೈಗವಸು ತೊಟ್ಟೇ ಶೀಸೆ ಅದ್ದಿದ್ದಳು, ನೀರು ತಣ್ಣಗಿದ್ದದ್ದು ಕೈಗೆ ಗೊತ್ತಾಗಿರಲಿಲ್ಲ. ತಂಗಿಯ ಹತ್ತಿರ ಹೋಗಿ ನೋಡಿದರೆ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು.

"ಇಷ್ಟು ತಣ್ಣಗಿದೆಯಲ್ಲೇ! ಯಾಕೆ ಹೇಳ್ಲಿಲ್ಲ ನೀನು?"

"ನೀನು ಎಲ್ಲಾ ನೋಡಿರ್ತೀಯಲ್ಲಾ" ಎಂದಳು ತಂಗಿ. ದನಿಯಲ್ಲಿ ಕೊಂಕಿರಲಿಲ್ಲ.

ಅಕ್ಕ ಅವಳ ಎರಡೂ ಭುಜ ಹಿಡಿದು ಮುಖವನ್ನೇ ನೋಡುತ್ತ ನಿಂತಳು. ಬೈಯಲಿ, ಕಿರುಚಲಿ, ಇದೇನು ನೀರಾ ಮಂಜುಗಡ್ಡೆಯಾ ಎಂದು ಮೊದಲಿನ ಹಾಗೆ ಒಂದೇ ಒಂದು ಮಾತು ಅನ್ನಲಿ ಎಂದು ಕಾದಳು. ತಂಗಿ ನಡುಗುತ್ತ, ತೋಳುಗಳನ್ನು ಎದೆಗೆ ಅವುಚಿಕೊಂಡು, "ಇನ್ನೊಂದ್ಸಲ ನಡೀಬೇಕಾ ಅಕ್ಕಾ?" ಎಂದು ಕೇಳಿದಳು.